ಹಕಾರವಿಲ್ಲದ ಸೆಂಟು

ನಮ್ಮ ಮನೆಯ ಬಚ್ಚಲಿನ ಕಿಟಕಿಯಲ್ಲಿ, ಕ್ಷೌರದ ಬ್ರಷ್ಷಿನ ಪಕ್ಕದಲ್ಲಿ, ಎರಡು ಸೆಂಟಿನ ಸೀಸೆಗಳು ಕೂತಿವೆ. ಒಂದರ ಹೆಸರು ಹಾರ್ಲೆನ್, ಇನ್ನೊಂದರದು ಆರ್ಲೆನ್. ಹಾರ್ಲೆನ್ ಹೊರದೇಶದ ಸರಕು. ಆರ್ಲೆನ್ ಅದನ್ನು ನೋಡಿಕೊಂಡು ನಮ್ಮ ಕಡೆ ಯಾರೋ ಮಾಡಿದ ನಕಲು. ಮೊದಲನೆಯದು ಒಂದನ್ನು ಕೊಳ್ಳುವ ದುಡ್ಡಿಗೆ ಎರಡನೆಯದು ಒಂದು ಬುಟ್ಟಿ ಬರುತ್ತದೆ. ಕೆಲವು ದಿನಗಳಿಂದ ಎರಡಕ್ಕೂ ಕೆಲಸವಿಲ್ಲ. ಆದರೂ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಅವು ಎದುರಿಗೇ ಇರುವುದರಿಂದ ಒಂದನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಯಾವುದು ಚೆನ್ನಾಗಿದೆ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ಕೇಳಬಾರದವನನ್ನು ಕೇಳುತ್ತಿದ್ದೀರಿ. ನನಗೆ ಮೂಗಿಲ್ಲ. ಮುಖದ ಮೇಲೇನೋ ಇದೆ, ಕನ್ನಡಕ ಹೊತ್ತುಕೊಂಡಿದೆ, ನೆಗಡಿಯಾದರೆ ಸೋರುತ್ತದೆ. ವಾಸನೆ ಹಿಡಿಯುವ ಕೆಲಸವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತದೆ. ಊರಿಗೆಲ್ಲ ಜ್ವರ ಬಂದ ಕಾಲದಲ್ಲಿ ನನಗೂ ಬಂದಿತ್ತು. ಎಲ್ಲರ ಮೂಗೂ ಹದಿನೈದು ದಿನ, ತಿಂಗಳು ರಜಾ ಹಾಕಿ ಮತ್ತೆ ಕೆಲಸಕ್ಕೆ ಬಂದವು. ನನ್ನದು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ. ಏಕೆಂದರೆ ನಮ್ಮದು ಮೂಗಿನಿಂದ ಬದುಕಿದ ಮನೆತನ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ನಮ್ಮಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಕೆಲಸ ಮಾಡುತ್ತಿದ್ದರು. ಮಣ್ಣಿನ ಗೋಡೆಯ ಎತ್ತರದ ಮನೆ, ಒಳಗೆ ಕೋಲಿಗೆ ಕಟ್ಟಿ ತೂಗುಬಿಟ್ಟ ಹಸಿ ಎಲೆ, ಕೆಳಗೆ ಬೆಂಕಿ. ಎಲೆ ಯಾವಾಗ ಹದಕ್ಕೆ ಬಂತು ಎಂದು ನೋಡಲು ಮಿಕ್ಕವರು ಗೋಡೆಗೆ ಸಿಕ್ಕಿಸಿದ ಶಾಖದ ಕಡ್ಡಿಯನ್ನು ನೋಡುತ್ತಿದ್ದರೆ ಅಪ್ಪ ಬಾಗಿಲ ಸಂದಿಗೆ ಮೂಗಿಟ್ಟು ಒಂದು ಉಸಿರು ಎಳೆದು, "ಇನ್ನೊಂದು ಗಂಟೆ ಬುಡ್ಲಾ" ಎನ್ನುತ್ತಿದ್ದರು. ಒಂದು ಗಂಟೆ ಎಂದರೆ ಒಂದೇ ಗಂಟೆ. ಪಕ್ಕದ ಊರಿನವರೂ ಅವರನ್ನು ಕರೆದುಕೊಂಡು ಹೋಗುತ್ತಿದ್ದರು, ಹಸುವಿಗೆ ಹುಷಾರಿಲ್ಲದಾಗ ಡಾಕ್ಟರನ್ನು ಕರೆದೊಯ್ಯುವಂತೆ. ನಮ್ಮ ಮನೆಗೆ 'ಮೂಗಪ್ಪನ ಮನೆ' ಎಂದೇ ಹೆಸರು. ಪಡಿತರದ ಅಂಗಡಿಯವನೂ ನನ್ನನ್ನು 'ಮೂಗಪ್ಪನ ಮಗ' ಎಂದೇ ಕೂಗುತ್ತಿದ್ದ.

ಆ ಮೂಗು ನನಗೂ ಬಂದಿತ್ತು. ಅಮ್ಮ ಬೆಣ್ಣೆ ಕಾಯಿಸುವಾಗ ನಾನು ಜಗಲಿಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಲೇ "ಇಳ್ಸವ್ವಾ, ಆಯ್ತು" ಎನ್ನುತ್ತಿದ್ದೆ. ಶಾಲೆಗೆ ಹೋದರೆ ಮಾತ್ರ ನನ್ನ ಅಂಗಿಯಿಂದಲೇ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಬೆಂಚಿನಲ್ಲಿ ಜೊತೆಗೆ ಕೂರುವವರು ಒಂದು ಗೇಣು ಜಾಗ ಬಿಡುತ್ತಿದ್ದರು. ಅಮ್ಮ ಅಂಗಿಯನ್ನು ಸೀಗೆಯಲ್ಲಿ ಎಷ್ಟೇ ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಮುಂದೆ ಅರಕಲಗೂಡಿನ ಹಾಸ್ಟೆಲಿಗೆ ಸೇರಿದ ಮೇಲೆ, ಹದಿನಾಲ್ಕು ಜನರ ಕೋಣೆಗೆ ಒಂದೇ ಸೆಂಟಿನ ಸೀಸೆ ಇತ್ತು. ಅದರ ಒಡೆಯ ಯಾರದೋ ಮದುವೆಗೆ ಹೋಗುವವರಿಗೆ ಮಾತ್ರ ಕತ್ತಿನ ಹಿಂದೆ ಒಂದು ಬೊಟ್ಟು ಹಚ್ಚುತ್ತಿದ್ದ. ನಾನು ಆ ಒಂದು ಬೊಟ್ಟಿಗಾಗಿ ಪರಿಚಯವೇ ಇಲ್ಲದವರ ಮದುವೆಗೆ ಹೋಗಿ ಉಂಡು ಬಂದಿದ್ದೇನೆ.

ಇಂಥ ಚರಿತ್ರೆಯವನು ಕನ್ನಡ ಮೇಷ್ಟ್ರಾದೆ. ಹೊಳೆನರಸೀಪುರದಲ್ಲಿ ಹದಿನೆಂಟು ವರ್ಷ, ಹಾಸನದಲ್ಲಿ ಉಳಿದದ್ದು. ಅಷ್ಟೂ ವರ್ಷ ನಾನು ಮಾಡಿದ ಮುಖ್ಯ ಕೆಲಸವೆಂದರೆ ಹಕಾರವನ್ನು ಕಾಯ್ದದ್ದು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ನಿಮಗೆ ಗೊತ್ತು. ಹಕ್ಕಿ ಅಕ್ಕಿಯಾಗುತ್ತದೆ, ಹೊಲ ಒಲವಾಗುತ್ತದೆ, ನಾವಿರುವ ಊರೇ ಆಸ್ನವಾಗುತ್ತದೆ. 'ಆಸನ ಜಿಲ್ಲೆ' ಎಂದು ಬರೆದ ಹುಡುಗನಿಗೆ, "ಅದು ಕೂರುವ ಜಾಗವಪ್ಪ, ನಾವಿರುವ ಜಾಗಕ್ಕೆ ಹ ಬೇಕು" ಎಂದು ಸಾವಿರ ಸಲ ಹೇಳಿದ್ದೇನೆ. ಹೇಳಿದ್ದರ ಫಲವೂ ಕಂಡಿದ್ದೇನೆ. ನನಗೆ ಹೆದರಿ ಒಬ್ಬ ಹುಡುಗಿ 'ನಮ್ಮ ಜಿಲ್ಲೆಯ ಮುಖ್ಯ ಬೆಳೆ ಹಾಲೂಗೆಡ್ಡೆ' ಎಂದು ಬರೆದಿದ್ದಳು. ಇನ್ನೊಬ್ಬ ಹಾನೆ ಎಂದು ಬರೆದು ಅದಕ್ಕೆ ಸೊಂಡಿಲನ್ನೂ ಬಿಡಿಸಿದ್ದ. ಇಲ್ಲದ ಕಡೆ ಹಕಾರ ಸೇರಿಸುವ ಈ ರೋಗ ಮೇಷ್ಟ್ರ ಹೆದರಿಕೆಯಿಂದ ಮಕ್ಕಳಿಗೆ ಮಾತ್ರ ಬರುತ್ತದೆಂದು ನಾನು ತಿಳಿದಿದ್ದೆ. ಮೇಷ್ಟ್ರಿಗೂ ಇತ್ತೆಂದು ಸೆಂಟಿನ ಅಂಗಡಿಯಲ್ಲಿ ಗೊತ್ತಾಯಿತು.

ಅಂಗಡಿಗೆ ಹೋಗುವ ಮೊದಲು ನನ್ನ ಹೆಂಡತಿ ಪಾರ್ವತಿಯ ವಿಷಯ ಹೇಳಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ತಪ್ಪಿಸಿಕೊಳ್ಳುತ್ತಿದ್ದುದೇ ಅದನ್ನು.

ಅವಳಿಗೆ ಸಕ್ಕರೆ ಕಾಯಿಲೆ. ಎರಡೂವರೆ ವರ್ಷದ ಹಿಂದೆ ಬಲಗಾಲಿನ ಹಿಮ್ಮಡಿಯ ಹತ್ತಿರ ಚಪ್ಪಲಿ ಉಜ್ಜಿ ಒಂದು ಗಾಯವಾಯಿತು. ಕಡಲೆಕಾಳಿನಷ್ಟಿದ್ದದ್ದು ರೂಪಾಯಿಯಷ್ಟಾಯಿತು. ಒಣಗುತ್ತದೆ, ಒಡೆಯುತ್ತದೆ, ಮತ್ತೆ ಒಣಗುತ್ತದೆ. ದಿನಕ್ಕೊಂದು ಸಲ ಬಿಚ್ಚಿ ತೊಳೆದು ಕಟ್ಟುವುದು ನನ್ನ ಕೆಲಸ. ಅದನ್ನು ಅಸಹ್ಯವಿಲ್ಲದೆ ಮಾಡುತ್ತೇನೆಂದು ಅವಳ ಕಡೆಯವರೆಲ್ಲ ನನ್ನನ್ನು ಹೊಗಳುತ್ತಾರೆ. ಮೂಗಿಲ್ಲದವನಿಗೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆದರೂ ಹೊಗಳಿಕೆಯನ್ನು ಬೇಡವೆನ್ನಲಿಲ್ಲ.

ಗಾಯವಾದ ಹೊಸತರಲ್ಲಿ ಹೊಳೆನರಸೀಪುರದ ನನ್ನ ತಮ್ಮನ ಮನೆಯಲ್ಲಿ ಗೃಹಪ್ರವೇಶವಿತ್ತು. ಊಟದ ಸಾಲಿನಲ್ಲಿ ಪಾರ್ವತಿಯ ಪಕ್ಕ ಕೂತಿದ್ದ ನನ್ನ ತಮ್ಮನ ಹೆಂಡತಿ ಸೆರಗನ್ನು ಮೂಗಿಗೆ ಅಡ್ಡ ಹಿಡಿದಳಂತೆ. ಹೋಮದ ಹೊಗೆಗೆ ಹಿಡಿದಳೋ, ಸೀನು ಬಂದು ಹಿಡಿದಳೋ, ದೇವರಿಗೇ ಗೊತ್ತು. ಪಾರ್ವತಿ ಅರ್ಧಕ್ಕೇ ಕೈ ತೊಳೆದು ಬಂದಳು. ಮಾರನೆಯ ದಿನ ಬೆಳಿಗ್ಗೆ ಕಾಲು ಕಟ್ಟುವಾಗ ಕೇಳಿದಳು.

"ನಿಜ ಹೇಳಿ. ನನ್ನ ಹತ್ರ ವಾಸ್ನೆ ಬತ್ತದಾ?"

"ಇಲ್ಲ ಕಣೆ," ಎಂದೆ.

"ಎಲ್ರಿಗೂ ಹೇಳೋ ಮಾತು ಬ್ಯಾಡ. ನಿಮ್ಮ ಮೂಗು ನಂಗೊತ್ತಿಲ್ವಾ. ನಿಮಗೆ ಬರಲ್ಲ ಅಂದ್ರೆ ಯಾರಿಗೂ ಬರಲ್ಲ."

ಆಗ ಹೇಳಿಬಿಡಬೇಕಿತ್ತು. ನನ್ನ ಬಾಯಿಂದ ಮೊದಲನೆಯ 'ಇಲ್ಲ' ಬಂದದ್ದು ಸುಮ್ಮನೆ, ಗಂಡಂದಿರು ಎಲ್ಲಕ್ಕೂ ಇಲ್ಲ ಎನ್ನುವಂತೆ. ಎರಡನೆಯ ದಿನದ 'ಇಲ್ಲ' ಸುಳ್ಳು ಎಂದು ಗೊತ್ತಿದ್ದೇ ಹೇಳಿದ್ದು. ಮೂರನೆಯ ದಿನದಿಂದ ಅದು ಹಲ್ಲುಜ್ಜುವಂತೆ ನಿತ್ಯದ ಕೆಲಸವಾಯಿತು. ಅವಳು ಎಲ್ಲಿಗೆ ಹೊರಟರೂ, ಸೀರೆ ಉಟ್ಟು, ತಲೆ ಬಾಚಿ, ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ನಾನು ಬಗ್ಗಿ, ಅಪ್ಪನಂತೆ ಒಂದು ಉಸಿರು ಎಳೆದು, "ಏನಿಲ್ಲ, ನಡಿ" ಎನ್ನುತ್ತಿದ್ದೆ. ಆ ಮಾತು ಕೇಳಿದರೆ ಮಾತ್ರ ಹೊಸ್ತಿಲು ದಾಟುತ್ತಿದ್ದಳು. ಜನ ಕಂಡರೆ ಪ್ರಾಣ ಬಿಡುವ ಹೆಂಗಸು ಅವಳು. ಒಂದು ಅರಿಶಿನ ಕುಂಕುಮ ತಪ್ಪಿಸಿಕೊಂಡರೆ ಎರಡು ದಿನ ಮಂಕಾಗಿರುತ್ತಾಳೆ. ನಾನು ನಿಜ ಹೇಳಿದ್ದರೆ ಅವಳು ಮನೆಯಲ್ಲೇ ಕೂತುಬಿಡುತ್ತಿದ್ದಳು. ಹೇಳದಿದ್ದರೆ, ಅವಳು ನಂಬಿ ಹೋದ ಕಡೆ ಯಾರಾದರೂ ಮತ್ತೆ ಸೆರಗು ಎತ್ತಬಹುದಿತ್ತು. ಈ ಎರಡರ ನಡುವೆ ನಾನು ಸುಸ್ತಾಗಿ ಹೋಗಿದ್ದೆ.

ಆಗ ಹೊಳೆದದ್ದು ಸೆಂಟು. ಅವಳಿಗೆ ಹಾಕು ಎಂದರೆ ಅನುಮಾನ ಬರುತ್ತದೆ. ನಾನೇ ಹಾಕಿಕೊಂಡರೆ? ಅವಳ ಪಕ್ಕ ನಾನು ಕೂತಿರುತ್ತೇನೆ. ಏನೇ ವಾಸನೆ ಬಂದರೂ ನನ್ನ ಸೆಂಟು ಅದನ್ನು ನುಂಗಿಕೊಳ್ಳುತ್ತದೆ. ಯಾರಾದರೂ ಮೂಗು ಮುಚ್ಚಿಕೊಂಡರೂ 'ಈ ಮುದುಕನಿಗೇನು ಬಂತು ಕೇಡು' ಎಂದು ನನ್ನನ್ನೇ ಬೈದುಕೊಳ್ಳುತ್ತಾರೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಯಾವ ಸೆಂಟು ಎಂದು ತಿಳಿಯದೆ ನಮ್ಮ ಶಾಲೆಯ ವ್ಯಾಯಾಮದ ಮೇಷ್ಟ್ರನ್ನು ಕೇಳಿದೆ. ಆತ, "ಆರ್ಲೆನ್ ತಕಳಿ ಸಾ, ನಾನ್ ಅದ್ನೇ ಆಕೋದು" ಎಂದ. ತಕಳಿ, ಆಕೋದು ಎನ್ನುವವನ ಬಾಯಲ್ಲಿ ಆರ್ಲೆನ್ ಎಂದರೆ ನಿಜವಾಗಿ ಏನಿರಬೇಕು? ಹಾರ್ಲೆನ್ ಇರಬೇಕು. ಮೂವತ್ತು ವರ್ಷದ ಅಭ್ಯಾಸದಿಂದ ಮನಸ್ಸಿನಲ್ಲೇ ಕೆಂಪು ಶಾಯಿಯಲ್ಲಿ ಹಕಾರ ಸೇರಿಸಿಕೊಂಡೆ. ಬಸ್ ಸ್ಟಾಂಡಿನ ಹಿಂದೆ ಬಳೆ, ಬಾಚಣಿಗೆ, ಸೆಂಟು ಎಲ್ಲ ಮಾರುವ ರಾಜಣ್ಣನ ಫ್ಯಾನ್ಸಿ ಸ್ಟೋರಿಗೆ ಹೋಗಿ, ಎದೆ ತುಂಬ ಉಸಿರು ತೆಗೆದುಕೊಂಡು, "ಹಾರ್ಲೆನ್ ಇದೆಯೇ?" ಎಂದೆ.

"ಐತೆ ಸಾ, ಆರ್ಲೆನ್," ಎಂದು ಕೊಟ್ಟ.

"ಆರ್ಲೆನ್ ಅಲ್ಲ ರಾಜಣ್ಣ. ಹಾ. ಹಾರ್ಲೆನ್."

"ಅದೇ ಸಾ ನಾನೂ ಯೋಳಿದ್ದು. ಆರ್ಲೆನ್."

ಡಬ್ಬಿ ನೋಡಿದೆ. ಇಂಗ್ಲಿಷಿನಲ್ಲಿ ಎ ಇಂದ ಶುರುವಾಗಿತ್ತು. "ಇದರಲ್ಲಿ ಎಚ್ ಇಲ್ಲವಲ್ಲಪ್ಪ?"

ರಾಜಣ್ಣ ಡಬ್ಬಿಯನ್ನು ದೂರ ಹಿಡಿದು ನೋಡಿದ. "ಎಚ್ಚು ಸೈಲೆಂಟು ಸಾ," ಎಂದ.

ಬರೆಯುವುದಕ್ಕೂ ಬಾರದಷ್ಟು ಸೈಲೆಂಟಾದ ಎಚ್ ಇರಲಾರದು ಎಂದು ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ಅಗ್ಗಕ್ಕೆ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿದ್ದೆ. ಹೀಗೆ ಎರಡು ವರ್ಷ ನಕಲನ್ನು ಹಾಕಿಕೊಂಡು, ಅಸಲಿನ ಹೆಸರಿನಿಂದ ಅದನ್ನು ಕರೆದು, ಕೇಳಿದವರಿಗೆಲ್ಲ ಹಕಾರ ತಿದ್ದಿ ಹೇಳಿದ್ದೇನೆ.

ಹಾಕಿಕೊಳ್ಳುವ ಪ್ರಮಾಣ ನನಗೆ ತಿಳಿಯುತ್ತಿರಲಿಲ್ಲ. ಉಪ್ಪಿನ ರುಚಿ ತಿಳಿಯದವನು ಸಾರಿಗೆ ಉಪ್ಪು ಹಾಕಿದ ಹಾಗೆ. ಅಂಗಿಗೆ ನಾಲ್ಕು ಸಲ, ಕತ್ತಿಗೆ ಎರಡು, ಕರ್ಚೀಫಿಗೆ ಒಂದು, ದೂರದ ಪ್ರಯಾಣವಾದರೆ ಪಂಚೆಯ ಅಂಚಿಗೂ ಪುಸ್ಸೆನ್ನಿಸುತ್ತಿದ್ದೆ. ಹಾಸನದಿಂದ ಅರಕಲಗೂಡಿಗೆ ಹೋಗುವ ಬಸ್ಸಿನ ಕಂಡಕ್ಟರು ನನ್ನನ್ನು ನೋಡಿದ ಕೂಡಲೇ ಕಿಟಕಿ ಸರಿಸುತ್ತಿದ್ದ. ನಿವೃತ್ತಿಯ ದಿನ ಸಹೋದ್ಯೋಗಿಯೊಬ್ಬರು ಭಾಷಣದಲ್ಲಿ, 'ಇವರ ಕೀರ್ತಿಯ ಪರಿಮಳ ಇವರಿಗಿಂತ ಮೊದಲೇ ತರಗತಿಯನ್ನು ತಲುಪುತ್ತಿತ್ತು' ಎಂದರು. ಎಲ್ಲರೂ ನಕ್ಕರು. ಅದೇಕೆಂದು ಆಗ ತಿಳಿಯಲಿಲ್ಲ. ಬೂವನಹಳ್ಳಿ ಕಡೆಯ ನಮ್ಮ ಬಡಾವಣೆಯಲ್ಲಿ, ಅಲ್ಲಿ ಕಟ್ಟುತ್ತಿರುವ ನಿಲ್ದಾಣಕ್ಕೆ ವಿಮಾನ ಬಂದರೆ ಸದ್ದಿಗೆ ಹೇಗಪ್ಪ ಬದುಕುವುದು ಎಂದು ಹೆದರಿಕೊಂಡೇ ಸೈಟು ಕೊಂಡವರು ನಾವು. ವಿಮಾನ ಇನ್ನೂ ಬಂದಿಲ್ಲ. ಅಷ್ಟರಲ್ಲಿ ನೆರೆಹೊರೆಯವರಿಗೆ ನಾನೇ ಒಂದು ತೊಂದರೆಯಾಗಿದ್ದೆ. ಸಂಜೆ ವಾಕಿಂಗಿನಲ್ಲಿ ನಾನು ಬಂದರೆ ಮಾತು ಚುಟುಕಾಗುತ್ತಿತ್ತು. ಆದರೆ ಪಾರ್ವತಿ ಎಲ್ಲ ಕಡೆಗೂ ಹೋಗುತ್ತಿದ್ದಳು, ಎಲ್ಲರ ನಡುವೆ ಕೂರುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಹೋದ ತಿಂಗಳು ಚನ್ನರಾಯಪಟ್ಟಣದ ಪಾರ್ವತಿಯ ಅಕ್ಕನ ಮನೆಯಲ್ಲಿ ಮೊಮ್ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಆ ಹೊತ್ತಿಗೆ ಸರಿಯಾಗಿ ಅವಳ ತಮ್ಮ ಕುಮಾರ ಕುವೈತಿನಿಂದ ರಜೆಗೆ ಬಂದಿದ್ದ. ಬರುವ ಮೊದಲು ಫೋನಿನಲ್ಲಿ ಅವನು ಏನು ತರಲಿ ಎಂದು ಕೇಳಿದಾಗ ಪಾರ್ವತಿ, "ನಿಮ್ಮ ಭಾವ ಅದ್ಯಾವ್ದೋ ಆರ್ಲೆನ್ ಅಂತ ಆಕೋತಾರೆ, ಅದ್ರಲ್ಲಿ ಒಳ್ಳೇದು ಇದ್ರೆ ತಕಂಬಾ" ಎಂದಿದ್ದಳು. ಪಕ್ಕದಲ್ಲಿ ಕೂತಿದ್ದ ನಾನು ಹಕಾರ ತಿದ್ದಿದ್ದೆ. ಆ ತಿದ್ದುಪಡಿಯಿಂದಾಗಿ ಅವನಿಗೆ ಸರಿಯಾದ ಸೀಸೆಯೇ ಸಿಕ್ಕಿತ್ತು.

ಅಂದು ಬೆಳಿಗ್ಗೆಯೂ ಹಾಸನದಲ್ಲಿ ಬಾಗಿಲ ಹತ್ತಿರ ನಿಂತು ಅವಳು ಕೇಳಿದ್ದಳು. ಹಿಂದಿನ ವಾರ ಗಾಯ ಮತ್ತೆ ಒಡೆದಿತ್ತು. ನಾನು ಬಗ್ಗಿ, ಉಸಿರೆಳೆದು, ಇಲ್ಲವೆಂದಿದ್ದೆ.

ಊಟವಾಗಿ ಪಡಸಾಲೆಯಲ್ಲಿ ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಕಾಲು ಚಾಚಿದ್ದರು. ಪಾರ್ವತಿ ಗೋಡೆಗೆ ಒರಗಿ, ಕಟ್ಟಿದ ಕಾಲನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡು ಕೂತಿದ್ದಳು. ಕುಮಾರ ಹಾರ್ಲೆನ್ ಸೀಸೆಯನ್ನು ತಂದು ನನ್ನ ಕೈಗೆ ಕೊಟ್ಟ. ನನ್ನ ಚೀಲದಲ್ಲಿದ್ದ ಆರ್ಲೆನನ್ನೂ ತೆಗೆದು ಪಕ್ಕದಲ್ಲಿಟ್ಟ. ಆಗ ಮೊದಲ ಸಲ ಅಣ್ಣ ತಮ್ಮಂದಿರಂತಿದ್ದ ಈ ಎರಡು ಸೀಸೆಗಳನ್ನು ಒಟ್ಟಿಗೆ ನೋಡಿದೆ. ಹಾರ್ಲೆನ್ ಸೀಸೆ ಕೈಯಲ್ಲಿ ಭಾರವಾಗಿ ಕೂತಿತು. ಮುಚ್ಚಳ ಹತ್ತಿರ ತಂದರೆ ತಾನೇ ಎಳೆದುಕೊಂಡು ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಆರ್ಲೆನಿನ ಮುಚ್ಚಳ ತಿರುಗಿಸಿದರೆ ಕೈಗೇ ಬರುತ್ತದೆ. ಹಾರ್ಲೆನ್ ಒತ್ತಿದರೆ ಮಂಜಿನಂತೆ ಬೀಳುತ್ತದೆ. ಆರ್ಲೆನ್ ಒತ್ತಿದರೆ ಮೊದಲು ಏನೂ ಬರುವುದಿಲ್ಲ, ಆಮೇಲೆ ಒಂದೇ ಸಲ ಎರಡು ಹನಿ ತೊಟ್ಟಿಕ್ಕಿ ಅಂಗಿಯ ಮೇಲೆ ಕಲೆ ಮಾಡುತ್ತದೆ. ಬಣ್ಣ ಮಾತ್ರ ಎರಡಕ್ಕೂ ಒಂದೇ.

"ಭಾವ, ನೀವು ಇಷ್ಟ್ ದಿನ ಆಕ್ಕೊಂಡಿದ್ದು ಡೂಪ್ಲಿಕೇಟು," ಎಂದ ಕುಮಾರ. "ನಿಮ್ಮಂಥ ಮೂಗಿರೋರ್ಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗದೆ ಏನು," ಎಂದೆ. "ದಿನಾ ಹಾಕೋದಕ್ಕೆ ಅದು ಸಾಕು ಅಂತ."

"ಅಂಗಾದ್ರೆ ಒಂದು ಪರೀಕ್ಷೆ. ಕಣ್ಮುಚ್ಚಿ. ಒಂದೊಂದು ಕೈಗೆ ಒಂದೊಂದು ಆಕ್ತೀನಿ. ಅಸಲು ಯಾವ್ದು, ನಕಲು ಯಾವ್ದು, ನೀವು ಯೋಳ್ಬೇಕು."

ಪರೀಕ್ಷೆ ಎಂಬ ಮಾತು ಕೇಳಿದರೆ ಮೇಷ್ಟ್ರಿಗೆ ಹುರುಪು. ಕಣ್ಣು ಮುಚ್ಚಿದೆ. ಎಡಗೈ ಮೇಲೆ ತಣ್ಣಗೆ ಬಿತ್ತು. ಬಲಗೈ ಮೇಲೂ ತಣ್ಣಗೆ ಬಿತ್ತು. ಎಡಗೈಯಲ್ಲಿ ಹನಿ ದಪ್ಪವಾಗಿ ಬಿದ್ದಂತಿತ್ತು, ಬಲಗೈಯಲ್ಲಿ ನವಿರಾಗಿ. ನನಗಿದ್ದ ಸುಳಿವು ಅಷ್ಟೇ. ಅದನ್ನೇ ಹಿಡಿದುಕೊಂಡು, ಒಂದೊಂದು ಕೈಯನ್ನೂ ಮೂಗಿಗೆ ತಂದು, ಸ್ವಲ್ಪ ಹೊತ್ತು ಯೋಚಿಸುವವನಂತೆ ಕೂತು, ಹೇಳಿದೆ.

"ಎಡಗೈಯದು ನಕಲು. ಅಬ್ಬರ ಜಾಸ್ತಿ. ಬಲಗೈಯದು ಅಸಲು. ಇದರಲ್ಲಿ ಗಾಂಭೀರ್ಯ ಇದೆ. ಕೂಗಿ ಕರೆಯುವುದಿಲ್ಲ, ಹತ್ತಿರ ಬಂದವರಿಗೆ ಮಾತ್ರ ಸಿಗುತ್ತದೆ. ಗಂಧದ ಚಕ್ಕೆ, ಅದರ ಹಿಂದೆ ಸ್ವಲ್ಪ ನಿಂಬೆ ಎಲೆ."

ಕಣ್ಣು ಬಿಟ್ಟೆ. ಕುಮಾರನ ಕೈಯಲ್ಲಿ ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಇತ್ತು.

"ಎಡಗೈದು ಆರ್ಲೆನ್ನೇ ಭಾವ, ಅದು ಸರಿ," ಎಂದ. "ಬಲಗೈದು ಬೋರ್‌ವೆಲ್ ನೀರು."

ಪಡಸಾಲೆಯೆಲ್ಲ ನಕ್ಕಿತು. "ಮೇಷ್ಟ್ರಿಗೆ ನಮ್ಮೂರ ನೀರಲ್ಲೂ ಗಂಧದ ಚಕ್ಕೆ ಸಿಕ್ತಲ್ಲಪ್ಪ" ಎಂದು ಪಾರ್ವತಿಯ ಅಕ್ಕ ಕಣ್ಣೊರೆಸಿಕೊಂಡರು. ಅವರೆಲ್ಲ ತಿಳಿದದ್ದು ಮೇಷ್ಟ್ರು ಜಂಬ ಕೊಚ್ಚಲು ಹೋಗಿ ಸಿಕ್ಕಿಬಿದ್ದರು ಎಂದು. ನಾನೂ ನಕ್ಕೆ. ನಗುತ್ತ ಪಾರ್ವತಿಯ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ನನ್ನ ಮೂಗನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಕಾಲನ್ನು ಇನ್ನೂ ಒಳಕ್ಕೆ ಎಳೆದುಕೊಂಡು, ಪಕ್ಕದಲ್ಲಿದ್ದ ತನ್ನ ಅಕ್ಕನಿಂದ ಒಂದು ಮೊಳ ಸರಿದು ಕೂತಳು.

ಬದುಕಿನಲ್ಲಿ ನಾಚಿಕೆಪಟ್ಟುಕೊಳ್ಳುವ ಕೆಲಸಗಳನ್ನು ಬೇಕಾದಷ್ಟು ಮಾಡಿದ್ದೇನೆ. ಆ ಒಂದು ಮೊಳವನ್ನು ನೋಡಿ ಆದಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮಧ್ಯಾಹ್ನ ಮೂರರ ಬಸ್ಸು ಹತ್ತಿದೆವು. ಅವಳು ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಅವಳು ಆಧಾರ್ ತೋರಿಸಿ ತನ್ನ ಉಚಿತ ಟಿಕೆಟ್ಟು ತೆಗೆದುಕೊಂಡಳು, ನಾನು ದುಡ್ಡು ಕೊಟ್ಟೆ. ಬಸ್ಸು ಊರು ದಾಟಿ ಹೆದ್ದಾರಿಗೆ ಬಂತು. ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ನನಗೆ ನಿದ್ದೆ ಬಂದಂತೆ ನಟಿಸೋಣ ಎನ್ನಿಸಿತು. ನಟಿಸಿ ನಟಿಸಿ ಸಾಕಾಗಿತ್ತು, ಅದಕ್ಕೇ ಕಣ್ಣು ಬಿಟ್ಟುಕೊಂಡೇ ಕೂತೆ.

"ಯಾವಾಗಿಂದ?" ಎಂದಳು, ಕಿಟಕಿಯ ಕಡೆಯೇ ನೋಡುತ್ತ.

"ಆ ಜ್ವರ ಬಂದಾಗಿಂದ."

"ಅಂದ್ರೆ ನನ್ನ ಕಾಲಿಗೆ ಆಗೋಕೆ ಮುಂಚಿನಿಂದ್ಲೂ."

"ಹೂಂ."

"ಒಂದು ದಿನಾನೂ ಗೊತ್ತಾಗಿಲ್ಲ ನಿಮಗೆ."

"ಇಲ್ಲ."

ಅವಳು ಮಡಿಲಲ್ಲಿ ಬೆರಳು ಮಡಿಸತೊಡಗಿದಳು. ಮೊದಲು ಏನು ಎಣಿಸುತ್ತಿದ್ದಾಳೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಈ ಎರಡೂವರೆ ವರ್ಷದಲ್ಲಿ ನನ್ನ ಮಾತು ನಂಬಿ ಅವಳು ಎಲ್ಲೆಲ್ಲಿ ಹೋಗಿ, ಯಾರ ಯಾರ ಪಕ್ಕ ಕೂತಿದ್ದಳೋ ಅದನ್ನೆಲ್ಲ ಮತ್ತೆ ನೆನೆಯುತ್ತಿದ್ದಳು. "ಅರಕಲಗೂಡಿನ ಮದ್ವೇಲಿ ಮದುಮಗಳ ಪಕ್ಕದಲ್ಲೇ ಕೂತಿದ್ದೆ," ಎಂದಳು. "ಜಡೆ ಹಾಕಿದ್ದೆ ಅವಳಿಗೆ." ಇನ್ನೊಂದು ಬೆರಳು ಮಡಿಸಿದಳು. "ಬೆಳಗೊಳಕ್ಕೆ ಹೋದಾಗ ಲಾಡ್ಜಿನ ರೂಮಲ್ಲಿ ಐದು ಜನ ಹೆಂಗಸರು. ಫ್ಯಾನು ಬೇರೆ ಕೆಟ್ಟಿತ್ತು." ಇನ್ನೊಂದು. "ಎದುರು ಮನೆ ಬಾಣಂತಿ ಮಗೂನ ನನ್ನ ತೊಡೆ ಮೇಲೇ ಮಲಗಿಸ್ಕೊಂಡು ನೀರು ಹಾಕಿದ್ದು." ಎರಡೂ ಕೈಯ ಬೆರಳು ಮುಗಿದವು. ಮತ್ತೆ ಮೊದಲಿಂದ ಶುರು ಮಾಡಿದಳು. ಪ್ರತಿಯೊಂದು ಬೆರಳು ಮಡಿಸಿದಾಗಲೂ ನಾನು ಕುಗ್ಗುತ್ತಿದ್ದೆ. ಶಾಂತಿಗ್ರಾಮ ಬಂತು. ಇಳಿಯುವವರು ಇಳಿದರು.

"ಯಾರೂ ಎದ್ದೋಗ್ಲಿಲ್ಲ," ಎಂದಳು.

ನನಗೆ ಎಲ್ಲಿಂದಲೋ ಧೈರ್ಯ ಬಂತು. "ಅದನ್ನೇ ನಾನೂ ಹೇಳೋದು. ವಾಸನೆ ಇರಲೇ ಇಲ್ಲ ಅಂತ ಅರ್ಥ ತಾನೆ?"

"ಇತ್ತು," ಎಂದಳು. "ಎಲ್ಲ ದಿನ ಅಲ್ಲ. ಗಾಯ ಒಡೆದಾಗ ಇರ್ತಿತ್ತು. ಹೋಗಿರೋದು ನಿಮ್ಮ ಮೂಗು ಕಣ್ರೀ, ನಂದಲ್ಲ."

"ಮತ್ತೆ ದಿನಾ ಯಾಕೆ ಕೇಳ್ತಿದ್ದೆ?" ಎಂದೆ.

"ಕಾಲು ನನ್ನ ಹತ್ರಾನೇ ಇರೋದ್ರಿಂದ ನನಗೆ ಮಾತ್ರ ವಾಸ್ನೆ ಬರ್ತದೇನೋ, ಬೇರೆಯೋರ್ಗೆ ಬರ್ತಿಲ್ವೇನೋ ಅಂತ. ನೀವು ಇಲ್ಲ ಅಂದ್ರೆ ಹೋಗೋಕೆ ಕಾಲು ಬರ್ತಿತ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ನೋಡಿದ್ರೆ ಅವ್ರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ರು. ಮಗೂನ ನನ್ನ ತೊಡೆಗೇ ಕೊಟ್ರು."

ಇಷ್ಟು ಕಾಲ ಮುಚ್ಚಿಟ್ಟದ್ದರಲ್ಲಿ ಇನ್ನೊಂದು ಉಳಿದಿತ್ತು. ಅದನ್ನೂ ಹೇಳಿಬಿಟ್ಟರೆ ಹಗುರವಾಗುತ್ತದೆ ಎನ್ನಿಸಿತು. "ನಾನು ಸೆಂಟು ಹಾಕ್ಕೊಳ್ತಿದ್ದದ್ದೂ ಅದಕ್ಕೇ. ಯಾರಿಗಾದರೂ ವಾಸನೆ ಬಂದರೆ ನನ್ನದು ಅಂದುಕೊಳ್ಳಲಿ ಅಂತ," ಎಂದೆ. ಅವಳಿಗೂ ಕಣ್ಣು ತುಂಬಬಹುದೆಂದು ಕಾದೆ.

"ಗೊತ್ತು ಬಿಡಿ. ಈ ವಯಸ್ಸಲ್ಲಿ ಇನ್ಯಾರಿಗೆ ಅಂತ ಹಾಕ್ಕೋತೀರ," ಎಂದಳು. ಮೊದಲ ಸಲ ನನ್ನ ಕಡೆ ತಿರುಗಿದಳು. "ಅದ್ರ ಪಕ್ಕ ಕೂತು ಕೂತು ಎರಡು ವರ್ಷದಿಂದ ತಲೆ ಸಿಡೀತದೆ ನಂಗೆ. ಅರಕಲಗೂಡಿನ ಬಸ್ಸಲ್ಲಿ ಎರಡು ಸಲ ವಾಂತಿ ಬಂದು ನುಂಗ್ಕೊಂಡಿದೀನಿ. ನಾನೇನಾದ್ರೂ ಎದ್ದೋದ್ನಾ?"